ಕೈಬಿಗಿ ಪ್ರೇಕ್ಷಕಿಯ ದಿನಚರಿ

ಸಿನೆಮಾದ ಹುಚ್ಚು, ಕೈಬಿಗಿತನ ಇವೆರಡೂ ಒಂದೇ ದೇಹದಲ್ಲಿ ವಾಸಿಸಲಾರವೆಂದು ನಮ್ಮ ತರಗತಿಯ ಗೆಳತಿಯರ ಅಭಿಪ್ರಾಯ. ಹುಚ್ಚಿದ್ದವರ ಕೈಯಲ್ಲಿ ಕಾಸು ನಿಲ್ಲುವುದಿಲ್ಲ, ಕಾಸು ನಿಲ್ಲಿಸಿಕೊಂಡವರು ಸಿನೆಮಾದ ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ವಾದ. ನಾನಾದರೋ ಇವೆರಡನ್ನೂ ಕಳೆದ ಮೂರು ವರ್ಷಗಳಿಂದ ಒಂದೇ ಸೂರಿನಡಿ ಸಂಸಾರ ಮಾಡಿಸುತ್ತ ಬಂದಿದ್ದೇನೆ. ಆ ಸಂಸಾರದ ಒಳಗುಟ್ಟನ್ನು ಬರೆದು ಕೊಡೆಂದು ನಮ್ಮ ಅರ್ಥಶಾಸ್ತ್ರದ ಗುರುಗಳು ಅಪ್ಪಣೆ ಮಾಡಿದರು. ಗುಟ್ಟಿನ ಜೊತೆಗೆ ಒಂದು ತಪ್ಪೂ ಹೊರಬೀಳುವುದೆಂದು ಆಗ ಅವರಿಗೆ ತಿಳಿದಿರಲಿಕ್ಕಿಲ್ಲ.

ನಮ್ಮ ಊರು ತೊರವಿ. ವಿಜಯಪುರದಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್. ಇಲ್ಲಿಯ ನರಸಿಂಹನ ಹೆಸರಿನೊಡನೆ ಕೂಡಿಕೊಂಡ ನರಹರಿ ಕವಿಯ ರಾಮಾಯಣವನ್ನು ಕನ್ನಡದ ವಿದ್ಯಾರ್ಥಿಗಳು ಬಲ್ಲರು. ಊರಿನ ಹತ್ತಿರದಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟಿಸತೊಡಗಿದ ನವರಸಪುರದ ಅವಶೇಷಗಳಿವೆ. ಸಂಗೀತ ಮಹಲು ಪಾಳುಬಿದ್ದರೂ ಇಂದಿಗೂ ಗಂಭೀರವಾಗಿ ನಿಂತಿದೆ. ಸಂಗೀತದ ಪ್ರೀತಿಗಾಗಿ ಒಂದು ಪಟ್ಟಣವನ್ನೇ ಎಬ್ಬಿಸಲು ಹೊರಟ ಆ ರಸಿಕನು ಖರ್ಚಿನ ವಿಷಯದಲ್ಲಿ ನನಗೆ ಆದರ್ಶನಲ್ಲ. ನಮ್ಮ ತಂದೆಯವರು ಗೌಂಡಿಯ ಕೈಕೆಳಗೆ ಕೆಲಸ ಮಾಡುತ್ತಾರೆ. ಅವ್ವ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ನನ್ನ ಲೆಕ್ಕದ ಪುಸ್ತಕದಲ್ಲಿ ರೂಪಾಯಿಯ ಪಕ್ಕದಲ್ಲಿ ಇನ್ನೊಂದು ನಾಣ್ಯವೂ ಚಲಾವಣೆಯಲ್ಲಿದೆ: ಅವ್ವನ ಒಂದು ದಿನದ ಕೂಲಿ. ಯಾವುದೇ ಮನರಂಜನೆಯನ್ನು ನಾನು ಮೊದಲು ಆ ನಾಣ್ಯದಲ್ಲಿ ಅಳೆಯುತ್ತೇನೆ.

ನಾನು ಬಿ.ಎ.ಗೆ ಸೇರಿದ ವರ್ಷ ಮೊದಲ ಕತ್ತರಿ ಬಿದ್ದದ್ದು ಕೇಬಲ್ಲಿಗೆ. ತಿಂಗಳಿಗೆ 250 ರೂ., ವರ್ಷಕ್ಕೆ 3,000. ಇದರ ರಚನೆಯನ್ನು ಅನೇಕರು ವಿಚಾರಿಸಿ ನೋಡುವುದಿಲ್ಲ. 2019ರ ಫೆಬ್ರುವರಿಯಿಂದ ಜಾರಿಗೆ ಬಂದ ಪ್ರಾಧಿಕಾರದ ನಿಯಮದಂತೆ ನೂರು ವಾಹಿನಿಗಳ ಮೂಲ ಶುಲ್ಕ ಹೆಚ್ಚೆಂದರೆ 130 ರೂ. ಇತ್ತು, ಶೇಕಡಾ 18ರ ತೆರಿಗೆ ಕೂಡಿದರೆ 153 ರೂ. 40 ಪೈಸೆ. ಹಣ ಕೊಟ್ಟು ನೋಡಬೇಕಾದ ವಾಹಿನಿಗಳ ಬೆಲೆ ಇದರ ಮೇಲೆ. ಅಂದರೆ ನಾವು ಏನನ್ನೂ ಆರಿಸಿಕೊಳ್ಳದೆ ಸುಮ್ಮನೆ ಕುಳಿತರೂ ಒಂದೂವರೆ ನೂರು ಹೋಗುತ್ತಿತ್ತು. ಮೂಲ ಶುಲ್ಕದ ಆ ಮಿತಿಯನ್ನು 2024ರಲ್ಲಿ ಪ್ರಾಧಿಕಾರವು ತೆಗೆದುಹಾಕಿದೆ. ಕೇಬಲ್ಲು ಬಿಟ್ಟ ನನಗೆ ಅದರ ಬಿಸಿ ತಟ್ಟಲಿಲ್ಲ.

ಬಿಟ್ಟು ಹಿಡಿದದ್ದು ದೂರದರ್ಶನದ ಉಚಿತ ಡಿಶ್. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ತಿಂಗಳ ಬಾಡಿಗೆಯೆಂಬುದೇ ಇಲ್ಲ. ತಟ್ಟೆ, ಡಬ್ಬಿ, ತಂತಿ ಇವನ್ನು ಒಮ್ಮೆ ಕೊಂಡರೆ ಮುಗಿಯಿತು. ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟ ತಟ್ಟೆ. ಕೂಡ್ರಿಸಲು ಬರುವವನ ಕೂಲಿಯನ್ನೂ ಉಳಿಸಬೇಕೆಂದು ನಾನೇ ಮಾಳಿಗೆ ಹತ್ತಿದೆ. ಭೂಗೋಲದ ಪಾಠವು ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಉಪಗ್ರಹವು ವಿಷುವದ್ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಅಂಶ ಪೂರ್ವ ರೇಖಾಂಶದಲ್ಲಿದೆ. ನಮ್ಮ ಊರು 75.7ರ ಆಸುಪಾಸು. ವಿಷುವದ್ವೃತ್ತವು ನಮಗೆ ದಕ್ಷಿಣಕ್ಕೆ. ಉಪಗ್ರಹದ ರೇಖಾಂಶವು ಪೂರ್ವಕ್ಕೆ. ಎರಡನ್ನೂ ಕೂಡಿಸಿದರೆ ತಟ್ಟೆ ಮುಖಮಾಡಬೇಕಾದುದು ಹೆಚ್ಚುಕಡಿಮೆ ನೇರ ಆಗ್ನೇಯಕ್ಕೆ. ಎತ್ತರದ ಕೋನ ಸುಮಾರು 61 ಅಂಶ. ಇಲ್ಲೊಂದು ಮೋಸವಿದೆ. ಈ ತಟ್ಟೆಗಳ ಮೇಲೆ ಬಿದ್ದ ಅಲೆಯು ತಟ್ಟೆಯ ನಡುವಿಗೆ ಎದುರಾಗಿ ಕೂಡಿಕೊಳ್ಳದೆ, ಕೆಳಗಿನಿಂದ ಚಾಚಿದ ಕೈಯ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಆದ್ದರಿಂದ ತಟ್ಟೆ ಯಾವ ಕಡೆ ನೋಡುವಂತೆ ಕಾಣುತ್ತದೆಯೋ ಅದಕ್ಕಿಂತ ಬಹಳ ಮೇಲಕ್ಕೆ ಅದರ ನಿಜವಾದ ದೃಷ್ಟಿ ಇರುತ್ತದೆ. ಇದು ತಿಳಿಯದೆ ನಾನು ಅದನ್ನು ಅಂಗಾತ ಮಲಗಿಸಿ ಅರ್ಧ ದಿನ ಕಳೆದೆ. ಕೆಳಗೆ ಟಿ.ವಿ.ಯ ಮುಂದೆ ಕುಳಿತ ತಮ್ಮನು, “ಬಂತು ಬಂತು! ಅಕ್ಕಾ, ಹೋತು!” ಎಂದು ಕೂಗಿ ಕೂಗಿ ಓಣಿಯವರನ್ನೆಲ್ಲ ಕಲೆಹಾಕಿದ. ಸಂಜೆಗೆ ಚಂದನ ವಾಹಿನಿ ಮೂಡಿತು. ಜೋರು ಮಳೆಯಲ್ಲಿ ಚಿತ್ರ ನಿಂತುಹೋಗುವುದುಂಟು. ಈ ಅಲೆಗಳ ಶಕ್ತಿಯನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ನಮ್ಮ ಜಿಲ್ಲೆಯ ಮಳೆಯನ್ನು ನೆಚ್ಚಿ ಹೇಳುವುದಾದರೆ ಅದು ದೊಡ್ಡ ತೊಂದರೆಯಲ್ಲ.

ಚಂದನದಲ್ಲಿ ನಾನು ತಪ್ಪದೆ ನೋಡುತ್ತ ಬಂದದ್ದು ‘ಥಟ್ ಅಂತ ಹೇಳಿ’. 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರರು ನಡೆಸುವ ಈ ಪ್ರಶ್ನಾವಳಿಯಲ್ಲಿ ಸರಿಯುತ್ತರಕ್ಕೆ ಪುಸ್ತಕಗಳೇ ಬಹುಮಾನ. ಸ್ಪರ್ಧಾ ಪರೀಕ್ಷೆಯ ತರಬೇತಿಗೆ ಹಣ ಕಟ್ಟಲಾರದವರು ಇದನ್ನು ನೋಟುಬುಕ್ಕು ಹಿಡಿದು ನೋಡಬಹುದೆಂದು ಕಿರಿಯರಿಗೆ ನನ್ನ ಸಲಹೆ.

ವಿದ್ಯುತ್ತಿನ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡುಬಂತು. ಹೊಸ ಬಗೆಯ ಸಣ್ಣ ಟಿ.ವಿ. 40 ವ್ಯಾಟ್ ತಿನ್ನುವುದೆಂದು ಹಿಡಿಯಿರಿ. ದಿನಕ್ಕೆ ಐದು ತಾಸು ನೋಡಿದರೆ ತಿಂಗಳಿಗೆ 6 ಯೂನಿಟ್. ಅದರ ಕೆಳಗಿನ ಡಬ್ಬಿ ತಿನ್ನುವುದು ಹತ್ತೇ ವ್ಯಾಟ್ ಎಂದಿಟ್ಟುಕೊಂಡರೂ, ಯಾರೂ ಅದರ ಗುಂಡಿ ಆರಿಸದೆ ಹಗಲುರಾತ್ರಿ ಬಿಟ್ಟರೆ 7.2 ಯೂನಿಟ್! ಕಣ್ಣಿಗೆ ಬೀಳುವ ಯಜಮಾನನಿಗಿಂತ ಮೂಲೆಯಲ್ಲಿ ಕುಳಿತ ಆಳಿನ ಊಟವೇ ಹೆಚ್ಚು. 2023ರ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಬರುವುದಿಲ್ಲವಾದ್ದರಿಂದ ಇದೆಲ್ಲ ವ್ಯರ್ಥ ಜಾಣತನವೆಂದು ತಮ್ಮ ಹಾಸ್ಯ ಮಾಡುತ್ತಾನೆ. ಆ ಉಚಿತವು ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪವನ್ನು ಕೂಡಿಸಿದಷ್ಟಕ್ಕೆ ಮಾತ್ರ ಎಂಬುದನ್ನು ಅವನು ಓದಿಲ್ಲ. ನಾನು ಗೋಡೆಯ ಗುಂಡಿಯನ್ನೇ ಆರಿಸುತ್ತೇನೆ.

ಟಾಕೀಜಿನ ವಿಷಯ. ಚಿತ್ರವನ್ನು ಹತ್ತು ಜನರ ನಡುವೆ, ಕತ್ತಲೆಯಲ್ಲಿ, ದೊಡ್ಡ ಪರದೆಯ ಮೇಲೆ ನೋಡಬೇಕೆಂಬುದು ನನ್ನ ಮೂಲ ಮತ. ಆದರೆ ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಹೋಗುವುದಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲವಾದುದರಿಂದ ಹೋಗಿಬರುವ ಖರ್ಚು ಸೊನ್ನೆ. ಚಿತ್ರ ಬಂದ ಮೊದಲ ವಾರ ನಾನು ಹೋಗುವವಳಲ್ಲ. ಮೊದಲ ವಾರ ಹೊಗಳುವವರು ನಾಯಕನ ಅಭಿಮಾನಿಗಳು. ಎರಡನೆಯ ವಾರವೂ ಹೊಗಳುವವರಿದ್ದರೆ ಅವರು ಚಿತ್ರದ ಅಭಿಮಾನಿಗಳು. ಟಿಕೀಟು ನೂರರೊಳಗಿರಬೇಕು. ಇದಕ್ಕೆ ತೆರಿಗೆಯ ಕಾರಣವೂ ಇದೆ: ನೂರು ರೂಪಾಯಿಯವರೆಗಿನ ಟಿಕೀಟಿಗೆ 2019ರಿಂದ ಶೇಕಡಾ 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಂದು 5ಕ್ಕೆ ಇಳಿಯಿತು, ಅದರ ಮೇಲಿನದಕ್ಕೆ 18 ಹಾಗೆಯೇ ಉಳಿಯಿತು. ಟಿಕೀಟಿನ ಬೆಲೆ 200 ರೂ. ಮೀರಕೂಡದೆಂದು ನಮ್ಮ ಸರಕಾರ ಅದೇ ತಿಂಗಳು ನಿಯಮ ಹೊರಡಿಸಿದಾಗ ಗೆಳತಿಯರು ಸಿಹಿ ಹಂಚಿದರು. ತಿಂಗಳು ಮುಗಿಯುವುದರೊಳಗೆ ಉಚ್ಚ ನ್ಯಾಯಾಲಯದ ಮಧ್ಯಂತರ ತಡೆ ಬಂತು. ಸಿಹಿ ತಿಂದದ್ದಷ್ಟೇ ಲಾಭ.

ಇನ್ನು ಕದ್ದ ಚಿತ್ರಗಳು. ತಮ್ಮನ ಗೆಳೆಯರ ಮೊಬೈಲಿನಲ್ಲಿ ಚಿತ್ರ ಬಿಡುಗಡೆಯಾದ ಸಂಜೆಯೇ ಅದರ ಕಳ್ಳಪ್ರತಿ ಇರುತ್ತದೆ. ನಾನೂ ಪಿ.ಯು.ಸಿ. ಓದುವಾಗ ಹಾಗೆ ನೋಡಿದವಳೇ, ಒಪ್ಪಿಕೊಳ್ಳುತ್ತೇನೆ. 2023ರ ತಿದ್ದುಪಡಿ ಕಾನೂನಿನಂತೆ ಚಿತ್ರವನ್ನು ಕದ್ದು ಸೆರೆಹಿಡಿದು ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ನನ್ನನ್ನು ತಡೆದದ್ದು ಮಾತ್ರ ಕಾನೂನಲ್ಲ. ಒಮ್ಮೆ ಅಂಥ ಪ್ರತಿಯಲ್ಲಿ ನಾಯಕಿ ಸಾಯುವ ಹೊತ್ತಿಗೆ ಪರದೆಯ ಮುಂದೆ ಯಾರೋ ಒಬ್ಬ ಎದ್ದು ನಿಂತು ಧೋತರ ಸರಿಪಡಿಸಿಕೊಂಡ. ಆ ಚಿತ್ರವನ್ನು ನಾನು ಇಂದಿಗೂ ನೋಡಿದಂತಾಗಿಲ್ಲ. ಜಿಪುಣರಿಗೆ ಸನ್ಮಾರ್ಗವೊಂದು ಇದ್ದೇ ಇದೆ: ನಮ್ಮ ದೇಶದಲ್ಲಿ ಚಲಚ್ಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರದು. ಅದರ ಅವಧಿ 2024ರ ಕೊನೆಗೆ ತೀರಿತು. ಹಳೆಯ ಕಪ್ಪುಬಿಳುಪಿನ ಚಿತ್ರಗಳ ದೊಡ್ಡ ಕಣಜವೇ ಹೀಗೆ ವರ್ಷವರ್ಷ ಬಾಗಿಲು ತೆರೆಯುತ್ತಿದೆ.

ಇಷ್ಟೆಲ್ಲ ಜಾಣತನದ ಮೇಲೆ ನನಗೆ ಬಹಳ ಹೆಮ್ಮೆಯಿತ್ತು. ಕೇಬಲ್ಲಿನ 3,000 ರೂ. ಮೊದಲ ವರ್ಷ ನನ್ನ ಪರೀಕ್ಷಾ ಶುಲ್ಕಕ್ಕೂ ಪುಸ್ತಕಗಳಿಗೂ ಹೋಯಿತು. ಎರಡನೆಯ ವರ್ಷವೂ ಹೋಯಿತು. ಆ ಚಳಿಗಾಲದಲ್ಲಿ ಒಂದು ಸಂಜೆ ಗ್ರಂಥಾಲಯದಿಂದ ತಡವಾಗಿ ಬಂದೆ. ಒಲೆಯ ಮೇಲೆ ಬ್ಯಾಳಿ ಕುದಿಯುತ್ತಿತ್ತು, ಅವ್ವ ಇರಲಿಲ್ಲ. ಹೊರಗೆ ಬಂದು ನೋಡಿದರೆ ಎದುರುಮನೆಯ ಕಾಕು ಅವರ ಬಾಗಿಲಲ್ಲಿ, ಹೊಸ್ತಿಲಿನ ಈಚೆ, ಸೆರಗು ಹೊದ್ದು ನಿಂತಿದ್ದಳು. ಒಳಗೆ ಟಿ.ವಿ.ಯಲ್ಲಿ ಅವಳ ಧಾರಾವಾಹಿ. ನಾವು ಬಿಟ್ಟ ಕೇಬಲ್ಲಿನಲ್ಲಿ ಬರುತ್ತಿದ್ದದ್ದು; ಉಚಿತ ಡಿಶ್‌ನಲ್ಲಿ ಇಲ್ಲದ್ದು. ಎರಡು ವರ್ಷದಿಂದ ಅವಳು ಏಳೂವರೆಯಿಂದ ಎಂಟರವರೆಗೆ ಹಾಗೆ ನಿಂತೇ ನೋಡುತ್ತಿದ್ದಳಂತೆ. ಕುಳಿತರೆ ಚಹಾ ಕೊಡುತ್ತಾರೆ, ದಿನಾ ಚಹಾ ಕುಡಿದರೆ ಋಣವಾಗುತ್ತದೆ ಎಂಬ ಸಂಕೋಚ. ಜಿಪುಣತನದಲ್ಲಿ ನಾನು ಯಾರ ಮಗಳೆಂದು ಆಗ ತಿಳಿಯಿತು.

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. “ನನಗ ಯಾಕ ಹೇಳಲಿಲ್ಲವ್ವಾ?” ಎಂದೆ. “ನಿನಗ ಲೆಕ್ಕಾ ಬರ್ತದ ಖರೆ. ಕೇಬಲ್ಲ ತಗಸೂ ಮುಂದ ಒಂದ ಮಾತ ನನ್ನ ಕೇಳಬೇಕಿತ್ತ,” ಎಂದಳು. ಅಷ್ಟೇ. ಬ್ಯಾಳಿ ಇಳಿಸಲು ಒಳಗೆ ಹೋದಳು. ಅವ್ವನ ಕೂಲಿಯನ್ನು ನಾಣ್ಯ ಮಾಡಿಕೊಂಡು ಮೂರು ವರ್ಷ ಅಳೆದವಳು ನಾನು. ಆ ಕೂಲಿ ಮುಗಿಸಿ ಬಂದ ಮೇಲಿನ ಅವಳ ಅರ್ಧ ತಾಸು ಯಾವ ಪುಟದಲ್ಲಿಯೂ ಇರಲಿಲ್ಲ. ನನ್ನ ‘ಥಟ್ ಅಂತ ಹೇಳಿ’ ಮಾತ್ರ ಇತ್ತು.

ಮುತ್ಯಾನಿಗೆ ಈ ಸಂಗತಿ ಹೇಳಿದಾಗ ಆತ ನಕ್ಕುಬಿಟ್ಟ. ಮಂದಿಯ ಬಾಗಿಲಲ್ಲಿ ನಿಂತು ನೋಡುವುದು ಆತನಿಗೆ ಅವಮಾನವೆಂದೇ ತೋರಲಿಲ್ಲ, ಏಕೆಂದರೆ ಆತ ಮೊದಲು ಟಿ.ವಿ. ನೋಡಿದ್ದೇ ಹಾಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಬೆಂಗಳೂರಿಗೇ ದೂರದರ್ಶನ ಕೇಂದ್ರವಿಲ್ಲದ ಕಾಲಕ್ಕೆ, ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂದಿತ್ತೆಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಮೇರಿಕೆಯ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಕಡ ತಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಈ ಪ್ರಯೋಗ ನಡೆಸಿದರು. ಕರ್ನಾಟಕದಿಂದ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಹತ್ತು ಅಡಿ ಅಗಲದ ಛತ್ರಿ. ಊರಿಗೆ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಒಕ್ಕಲುತನ, ಆರೋಗ್ಯ ಮುಂತಾದವುಗಳ ಕಾರ್ಯಕ್ರಮ. ಮುತ್ಯಾ ಆಗ ತನ್ನ ಸೋದರಮಾವನ ಊರಲ್ಲಿದ್ದ. ನೆಲದ ಮೇಲೆ ಜಾಗ ಸಿಗದೆ ದಿನವೂ ನಿಂತೇ ನೋಡಿದನಂತೆ. ವರ್ಷ ತುಂಬಿತು, ಉಪಗ್ರಹವನ್ನು ಕೊಟ್ಟವರು ತಿರುಗಿ ಒಯ್ದರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಬಂತಾದರೂ ಆ ಊರಿನ ಪೆಟ್ಟಿಗೆ ಮತ್ತೆ ಮಾತಾಡಲಿಲ್ಲವೆಂದು ಮುತ್ಯಾ ಹೇಳುತ್ತಾನೆ. ಆಮೇಲೆ 1987ರ ಜನವರಿಯಿಂದ ರವಿವಾರ ಮುಂಜಾನೆ ರಾಮಾಯಣ ಬರತೊಡಗಿದಾಗ ನಮ್ಮ ಓಣಿಯ ಒಂದೇ ಟಿ.ವಿ.ಯ ಮುಂದೆ, ನರಹರಿಯ ರಾಮಾಯಣದ ಊರಿನವರು, ಚಪ್ಪಲಿ ಹೊರಗೆ ಬಿಟ್ಟು ಕೂಡ್ರುತ್ತಿದ್ದರಂತೆ.

ಮುತ್ಯಾನ ಮಾತಿನಿಂದ ಸಮಾಧಾನವಾಯಿತೇ ಹೊರತು ಅವ್ವನ ಕಾಲುನೋವು ಕಡಿಮೆಯಾಗಲಿಲ್ಲ. ಕೇಬಲ್ಲು ಮತ್ತೆ ಹಾಕಿಸೋಣವೆಂದರೆ ಒಪ್ಪಲಿಲ್ಲ. ಅಂತಿಮ ವರ್ಷದ ಶುಲ್ಕ ಎದುರಿಗಿತ್ತು. ಆಗ ನನ್ನೊಳಗಿನ ಜಿಪುಣಿಯೇ ಒಂದು ಉಪಾಯ ಹೇಳಿದಳು. ಕಾಕು ಅವರ ಮಗಳು ಏಳನೆಯ ಇಯತ್ತೆ, ಇಂಗ್ಲಿಷಿನಲ್ಲಿ ಹಿಂದೆ. ಏಳೂವರೆಯಿಂದ ಎಂಟರವರೆಗೆ ಆ ಹುಡುಗಿ ನಮ್ಮ ಮನೆಗೆ ಪಾಠಕ್ಕೆ, ಅವ್ವ ಅವರ ಮನೆಗೆ ಧಾರಾವಾಹಿಗೆ. ಋಣವಿಲ್ಲವಾದ್ದರಿಂದ ಅವ್ವ ಈಗ ಹೊಸ್ತಿಲು ದಾಟಿ ಚಾಪೆಯ ಮೇಲೆ ಕೂಡ್ರುತ್ತಾಳೆ, ಚಹಾವನ್ನೂ ಕುಡಿಯುತ್ತಾಳೆ. ‘ಥಟ್ ಅಂತ ಹೇಳಿ’ ನೋಡಬೇಕೆಂದಾಗ ಮರುಪ್ರಸಾರವನ್ನೋ ಮೊಬೈಲನ್ನೋ ಹುಡುಕಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ.

ಅಂತಿಮ ವರ್ಷದ ಶುಲ್ಕ ಕಟ್ಟಿಯಾಗಿದೆ. ನೌಕರಿ ಸಿಕ್ಕ ತಿಂಗಳೇ ಕೇಬಲ್ಲು ಹಾಕಿಸುತ್ತೇನೆ, ಯಾವ ಯಾವ ವಾಹಿನಿ ಬೇಕು ಹೇಳೆಂದು ಈ ಸಲ ಅವ್ವನನ್ನು ಮುಂಚಿತವಾಗಿಯೇ ಕೇಳಿದ್ದೇನೆ. ಅಷ್ಟರೊಳಗೆ ಆ ಧಾರಾವಾಹಿ ಮುಗಿದೇ ಹೋಗಿರುತ್ತದೆಂದು ಅವಳ ಚಿಂತೆ. ಅದು ಮುಗಿಯುವ ಮಾತೇ ಇಲ್ಲವೆಂದು ಕಾಕು ಹೇಳುತ್ತಾರೆ.