ಅರ್ಥವಿವರಣೆಯಿಂದ ವಾಕ್ಯಕ್ಕೆ: ಕೊಡಗಿನ ‘ಕಡಂಗ’ ಮತ್ತು ‘ಬಾಣೆ’

ಅಪರಿಚಿತ ಪದವನ್ನು ಸಮಾನಾರ್ಥಕದ ಮೂಲಕ ಕಲಿಯುವುದು ಕ್ಷೇತ್ರಕಾರ್ಯದ ಮೊದಲ ಹೆಜ್ಜೆ. ಅಲ್ಲಿಗೇ ನಿಂತರೆ ನಾವು ಕಲಿತದ್ದು ಆ ಪದವನ್ನಲ್ಲ, ನಮಗೆ ಮೊದಲೇ ಗೊತ್ತಿದ್ದ ಇನ್ನೊಂದು ಪದವನ್ನು. ಕೊಡವ ತಕ್ಕಿನಲ್ಲಿಯೂ ಕೊಡಗಿನ ಕನ್ನಡದಲ್ಲಿಯೂ ಬಳಕೆಯಲ್ಲಿರುವ ಎರಡು ಪದಗಳ ಮೂಲಕ ಇದನ್ನು ಇಲ್ಲಿ ವಿವರಿಸುತ್ತೇವೆ.

‘ಕಡಂಗ’ಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ ‘ಕಂದಕ’. ಈ ವಾಕ್ಯವನ್ನು ಗಮನಿಸಬಹುದು: “ಗದ್ದೆಯಂಚಿನಿಂದ ಹೊರಟ ಕಡಂಗ ಗುಡ್ಡವನ್ನೇರಿ ಕಾಡಿನಲ್ಲಿ ಮರೆಯಾಗುತ್ತದೆ, ಅದರ ಮಣ್ಣಿನ ಏರಿಯ ಮೇಲೆ ಹಳೆಯ ಮರಗಳು ನಿಂತಿವೆ.” ಇಲ್ಲಿ ‘ಕಂದಕ’ವನ್ನು ಆದೇಶಿಸಿದರೆ ವ್ಯಾಕರಣ ಕೆಡದು, ಚಿತ್ರ ಕೆಡುತ್ತದೆ. ಕಂದಕವೆಂದೊಡನೆ ಮನಸ್ಸಿಗೆ ಬರುವುದು ಕೋಟೆಯನ್ನು ಸುತ್ತುವರಿದ ಅಗಳು. ಕಡಂಗವಾದರೋ ಬೆಟ್ಟಕಾಡುಗಳನ್ನು ಹಾಯ್ದು ಸಾಗುವ, ಅಗೆದ ಮಣ್ಣಿನ ದಿಬ್ಬವನ್ನೂ ಒಳಗೊಂಡ ರಕ್ಷಣಾರೇಖೆ. ಹಾಯುವಿಕೆ ಮತ್ತು ದಿಬ್ಬ ಎಂಬ ಎರಡು ಅರ್ಥಲಕ್ಷಣಗಳು ಸಮಾನಾರ್ಥಕದಲ್ಲಿ ಕಾಣದೆ ವಾಕ್ಯದಲ್ಲಿ ಕಾಣಿಸಿಕೊಂಡವು.

‘ಬಾಣೆ’ಯನ್ನು ‘ಹುಲ್ಲುಗಾವಲು’ ಎಂದು ತಿಳಿದವರಿಗೆ “ಬಾಣೆಯ ತುಂಬ ಕಾಫಿ ಹೂ ಬಿಟ್ಟಿದೆ” ಎಂಬುದು ವಿರೋಧಾಭಾಸವೆನಿಸುತ್ತದೆ. ಆದರೆ ಅದು ಸಹಜ ವಾಕ್ಯ. ಕಾರಣ, ಬಾಣೆಯ ಅರ್ಥ ನಿಂತಿರುವುದು ಸಸ್ಯದ ಮೇಲಲ್ಲ, ಸಂಬಂಧದ ಮೇಲೆ: ಸೊಪ್ಪುಗೊಬ್ಬರ, ಸೌದೆ, ಮರಮುಟ್ಟು, ಮೇವುಗಳಿಗಾಗಿ ಗದ್ದೆಯ ಹಿಡುವಳಿಗೆ ಹೊಂದಿಸಿಕೊಟ್ಟ ಎತ್ತರದ ಭೂಮಿ ಅದು. ೧೮೯೯ರ ಕೊಡಗು ಭೂಕಂದಾಯ ನಿಯಮಾವಳಿಯೂ ಈ ಸಂಬಂಧವನ್ನು ಗುರುತಿಸಿದೆ. ಕಾಫಿ ಬಂದ ಮೇಲೆ ನೆಲದ ಮೇಲಿನ ಬೆಳೆ ಬದಲಾಯಿತು, ಪದ ಉಳಿಯಿತು.

ಆದ್ದರಿಂದ ನಾವು ಸೂಚಿಸುವ ಕ್ರಮ ಮೂರು ಹಂತಗಳದ್ದು. ಮೊದಲು, ಭಾಷಿಕರಿಂದ ಪದದ ಅರ್ಥವನ್ನಷ್ಟೇ ಕೇಳದೆ ವರ್ಣನಾತ್ಮಕ ವಾಕ್ಯವನ್ನು ಪಡೆಯುವುದು. ಎರಡನೆಯದು, ಅದರಲ್ಲಿ ಸಮಾನಾರ್ಥಕವನ್ನಿಟ್ಟು ಏನು ನಷ್ಟವಾಯಿತೆಂದು ಗುರುತಿಸುವುದು. ಕೊನೆಗೆ, ಕಲಿಯುವವರು ತಾವೇ ರಚಿಸಿದ ವಾಕ್ಯವನ್ನು ಭಾಷಿಕರ ತೀರ್ಪಿಗೆ ಒಪ್ಪಿಸುವುದು. ಒಪ್ಪಿತವಾದ ವಾಕ್ಯ ಬಳಕೆಯೊಂದನ್ನು ದೃಢಪಡಿಸುತ್ತದೆ. ತಿರಸ್ಕೃತವಾದದ್ದು ಪದದ ಎಲ್ಲೆಯನ್ನು ತೋರಿಸುತ್ತದೆ. ಎರಡನ್ನೂ ದಾಖಲಿಸಬೇಕು.

ಜನಗಣತಿಯಲ್ಲಿ ‘ಕೂರ್ಗಿ/ಕೊಡಗು’ ಎಂದು ನಮೂದಾದ ಭಾಷಿಕರ ಸಂಖ್ಯೆ ೨೦೦೧ರಲ್ಲಿ ೧,೬೬,೧೮೭ ಇದ್ದದ್ದು ೨೦೧೧ರಲ್ಲಿ ೧,೧೩,೮೫೭ಕ್ಕೆ ಇಳಿದಿದೆ. ಪದಪಟ್ಟಿಯನ್ನು ಮುಂದೆಯೂ ಪ್ರತಿಮಾಡಬಹುದು. ವಾಕ್ಯವನ್ನು ಕೇಳಿ “ಹೀಗೆ ಹೇಳುವುದಿಲ್ಲ” ಎನ್ನಬಲ್ಲವರು ಇರುವಾಗಲೇ ಆ ತೀರ್ಪನ್ನು ಬರೆದಿಟ್ಟುಕೊಳ್ಳಬೇಕು.