ಎಳೆಯರ ಆಟದ ಧರ್ಮ

ಶಿರಸಿ ತಾಲ್ಲೂಕಿನಲ್ಲಿ, ಬನವಾಸಿಗೆ ಅನತಿದೂರದಲ್ಲಿ ಗುಡ್ನಾಪುರವೆಂಬ ಊರಿದೆ. ಕದಂಬ ಅರಸನಾದ ರವಿವರ್ಮನ ಶಾಸನದಿಂದಾಗಿ ಇತಿಹಾಸಕಾರರಿಗೆ ಚಿರಪರಿಚಿತವಾದ ಈ ಊರಿನಲ್ಲಿ ವಿಶಾಲವಾದ ಕೆರೆಯೊಂದಿದೆ. ಎಂತಹ ಚಳಿಗಾಲದಲ್ಲಿಯೂ ಆ ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ನಮ್ಮ ದೇಶದ ಉತ್ತರದ ಅಂಚಿನಲ್ಲಿರುವ ಲಡಾಖಿನ ಮಾತು ಬೇರೆ. ಅಲ್ಲಿನ ಲೇಹ್ ಪಟ್ಟಣದ ಕರ್ಜೂ ಕೊಳವು ಚಳಿಗಾಲದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಹುಡುಗರೂ ಹುಡುಗಿಯರೂ ಉಕ್ಕಿನ ಅಲಗುಗಳುಳ್ಳ ಬೂಟುಗಳನ್ನು ತೊಟ್ಟು, ಉದ್ದನೆಯ ಕೋಲುಗಳನ್ನು ಹಿಡಿದು ಆ ಮಂಜುಗಡ್ಡೆಯ ಮೇಲೆ ಆಡತೊಡಗುತ್ತಾರೆ. ಅವರು ಆಡುವ ಆಟವೇ ಐಸ್ ಹಾಕಿ. ಕನ್ನಡನಾಡಿಗೆ ಅಪರಿಚಿತವಾದ ಈ ಆಟವು ಕೆನಡಾ, ರಷ್ಯ, ಫಿನ್ಲೆಂಡ್, ಸ್ವೀಡನ್ ಮೊದಲಾದ ಶೀತದೇಶಗಳಲ್ಲಿ ಮನೆಮಾತಾಗಿದೆ. ಎಳೆಯ ಆಟಗಾರರ ನಡತೆಗೂ ಅವರ ಸಾಧನೆಗೂ ಇರುವ ಸಂಬಂಧವನ್ನು ಅರಿಯಲು ಈ ಆಟ ಬಹಳ ಒಳ್ಳೆಯ ಉದಾಹರಣೆ.

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆಯೊಂದನ್ನು ಬಳಸುತ್ತಾರೆ. ಅದಕ್ಕೆ ಪಕ್ ಎಂದು ಹೆಸರು. ಒಂದೊಂದು ತಂಡದಿಂದ ಗೋಲುರಕ್ಷಕನೂ ಸೇರಿ ಆರು ಮಂದಿ ಏಕಕಾಲದಲ್ಲಿ ಆಡುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ಮುಗಿಯುತ್ತದೆ. ಆಟದ ವೇಗ ಎಷ್ಟೆಂದರೆ, ಆಟಗಾರನು ಒಂದು ನಿಮಿಷಕ್ಕಿಂತ ಕಡಿಮೆ ಕಾಲ ಆಡಿ, ದಣಿದು, ಬದಲಿ ಆಟಗಾರನಿಗೆ ಸ್ಥಳ ಬಿಟ್ಟುಕೊಡುತ್ತಾನೆ. ಮೈಗೆ ಮೈ ತಾಗಿಸುವುದು ಈ ಆಟದಲ್ಲಿ ನಿಯಮಬದ್ಧವೇ ಆಗಿರುವುದರಿಂದ ಕೋಪ ಕೆರಳಲು ಬೇಕಾದಷ್ಟು ಅವಕಾಶವಿದೆ. ಆದಕಾರಣ ನಿಯಮಗಳನ್ನು ರೂಪಿಸಿದವರು ಒಂದು ಉಪಾಯವನ್ನು ಕಂಡುಕೊಂಡರು. ತಪ್ಪೆಸಗಿದ ಆಟಗಾರನು ಸಾಮಾನ್ಯವಾಗಿ ಎರಡು ನಿಮಿಷ, ತಪ್ಪು ಗುರುತರವಾಗಿದ್ದರೆ ಐದು ನಿಮಿಷ, ಅಂಗಣದ ಪಕ್ಕದ ಪ್ರತ್ಯೇಕ ಕಟಕಟೆಯಲ್ಲಿ ಕುಳಿತಿರಬೇಕು. ಅವನ ಸ್ಥಾನಕ್ಕೆ ಬೇರೊಬ್ಬನನ್ನು ಇಳಿಸುವಂತಿಲ್ಲ. ಆತ ಸುಮ್ಮನೆ ಕುಳಿತಿರುವಾಗ ಉಳಿದವರು ಒಬ್ಬನ ಕೊರತೆಯೊಡನೆ ಎದುರಾಳಿಗಳ ದಾಳಿಯನ್ನು ತಡೆಯಬೇಕಾಗುತ್ತದೆ. ಒಬ್ಬನ ಸಿಟ್ಟಿಗೆ ಐವರು ದಂಡ ತೆರುವ ಈ ಏರ್ಪಾಡು ಅಧ್ಯಾಪಕರ ನೂರು ಬುದ್ಧಿಮಾತುಗಳಿಗಿಂತ ಹೆಚ್ಚು ಪರಿಣಾಮಕಾರಿ ಎನ್ನಬೇಕು.

ಆಟದ ದಾಖಲೆಯನ್ನು ಬರೆಯುವ ಕ್ರಮವೂ ಗಮನಾರ್ಹವಾಗಿದೆ. ಗೋಲು ಹೊಡೆದವನ ಹೆಸರಿನೊಡನೆ, ಅದಕ್ಕೆ ಮುನ್ನ ಪಕ್ಕನ್ನು ಸಾಗಿಸಿಕೊಟ್ಟ ಇಬ್ಬರವರೆಗಿನ ಸಂಗಾತಿಗಳ ಹೆಸರೂ ದಾಖಲಾಗುತ್ತದೆ. ಅವರಿಗೂ ಒಂದೊಂದು ಅಂಕ ಸಲ್ಲುತ್ತದೆ. ಅಂತರರಾಷ್ಟ್ರೀಯ ಪಂದ್ಯ ಮುಗಿದೊಡನೆ ಗೆದ್ದ ತಂಡದಿಂದ ಒಬ್ಬನನ್ನೂ ಸೋತ ತಂಡದಿಂದ ಒಬ್ಬನನ್ನೂ ಉತ್ತಮ ಆಟಗಾರರೆಂದು ಗುರುತಿಸಿ ಗೌರವಿಸುತ್ತಾರೆ. ಬಳಿಕ ಎರಡೂ ತಂಡಗಳು ಸಾಲಾಗಿ ಸಾಗಿ ಪರಸ್ಪರ ಕೈಕುಲುಕುತ್ತವೆ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಮನಸ್ಸು ಹತೋಟಿ ತಪ್ಪಿದಾಗ ಏನಾಗುತ್ತದೆಂಬುದಕ್ಕೆ 1987ರ ಘಟನೆಯೊಂದು ಸಾಕ್ಷಿಯಾಗಿದೆ. ಇಪ್ಪತ್ತು ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಪಂದ್ಯಾವಳಿಯು ಆ ವರ್ಷ ಅಂದಿನ ಚೆಕೊಸ್ಲೊವಾಕಿಯಾ ದೇಶದಲ್ಲಿ ನಡೆಯಿತು. ಜನವರಿ 4ರಂದು ಪಿಯೆಶ್ತ್ಯಾನಿ ಎಂಬ ಪಟ್ಟಣದಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ತಂಡಗಳು ಎದುರುಬದುರಾದವು. ಎರಡನೆಯ ಅವಧಿಯಲ್ಲಿ ಕೆನಡಾ 4–2 ಗೋಲುಗಳಿಂದ ಮುಂದಿತ್ತು. ಪದಕವೊಂದು ಅದರ ಕೈಗೆಟಕುವಷ್ಟು ಸಮೀಪದಲ್ಲಿತ್ತು. ಅಷ್ಟರಲ್ಲಿ ಇಬ್ಬರ ನಡುವಿನ ಜಗಳ ಹಲವರಿಗೆ ಹರಡಿತು. ಬದಲಿ ಆಟಗಾರರೆಲ್ಲ ತಮ್ಮ ಆಸನಗಳಿಂದ ಎದ್ದು ಅಂಗಣಕ್ಕೆ ಧುಮುಕಿದರು. ತೀರ್ಪುಗಾರರಿಂದ ಅವರನ್ನು ಬಿಡಿಸಲಾಗಲಿಲ್ಲ. ಕಡೆಗೆ ಸಭಾಂಗಣದ ದೀಪಗಳನ್ನೇ ಆರಿಸಿದರು. ಹುಡುಗರು ಕತ್ತಲೆಯಲ್ಲಿಯೂ ಹೊಡೆದಾಡಿದರು! ಎರಡು ತಂಡಗಳನ್ನೂ ಪಂದ್ಯಾವಳಿಯಿಂದ ಹೊರಹಾಕಲಾಯಿತು. ಚಿನ್ನದ ಪದಕ ಫಿನ್ಲೆಂಡಿನ ಪಾಲಾಯಿತು.

ಅಂದು ಕೆನಡಾದ ಆಸನದಿಂದ ಏಳದೆ ಉಳಿದವರು ಬಹಳ ವಿರಳ. ಅವರಲ್ಲಿ ಪಿಯರ್ ಟರ್ಜನ್ ಎಂಬ ಹದಿನೇಳು ವರ್ಷದ ಹುಡುಗನೊಬ್ಬ. ಸಂಗಾತಿಗಳು ಹೊಡೆತ ತಿನ್ನುತ್ತಿರುವಾಗ ಕುಳಿತೇ ಇದ್ದನೆಂದು ಅವನ ತಂಡದವರೇ ಅವನನ್ನು ಹಳಿದರು. ಆ ಆಕ್ಷೇಪಣೆಯನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ; ಸಂಗಾತಿಯ ಕಷ್ಟಕ್ಕೆ ಒದಗುವುದೂ ಆಟದ ಧರ್ಮವೇ. ಆದರೆ ಒದಗುವ ದಾರಿ ಮುಷ್ಟಿಯೊಂದೇ ಅಲ್ಲ. ಅದೇ ವರ್ಷ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಿಗೆ ಎಳೆಯರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಟರ್ಜನ್. ಆ ಲೀಗಿನಲ್ಲಿ ಆತ 515 ಗೋಲುಗಳನ್ನು ಗಳಿಸಿದನು. ಅಲ್ಲಿ ಲೇಡಿ ಬಿಂಗ್ ಪಾರಿತೋಷಕವೆಂಬ ಪ್ರಶಸ್ತಿಯೊಂದಿದೆ. ಕೆನಡಾದ ಗವರ್ನರ್ ಜನರಲ್ ಆಗಿದ್ದವರ ಪತ್ನಿ 1925ರಲ್ಲಿ ಸ್ಥಾಪಿಸಿದ ಈ ಪ್ರಶಸ್ತಿ ಕೇವಲ ಸಜ್ಜನಿಕೆಗೂ ಅಲ್ಲ, ಕೇವಲ ಕೌಶಲಕ್ಕೂ ಅಲ್ಲ. ಇವೆರಡೂ ಒಬ್ಬನಲ್ಲಿ ಕೂಡಿದಾಗ ಮಾತ್ರ ಅದು ಸಲ್ಲುತ್ತದೆ. 1993ರಲ್ಲಿ ಅದು ಟರ್ಜನ್ನನಿಗೆ ದೊರೆಯಿತು.

ಕೌಶಲ ಮತ್ತು ಸಜ್ಜನಿಕೆಗಳ ಇಂತಹ ಕೂಟಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದರು. ಭಾರತದ 242 ಓಟಗಳಿಗೆ ಉತ್ತರವಾಗಿ ಇಂಗ್ಲೆಂಡ್ 58 ಓಟಗಳಿಗೆ ಐದು ವಿಕೆಟ್ಟುಗಳನ್ನು ಕಳೆದುಕೊಂಡಿತ್ತು. ಆ ಬಳಿಕ ಬಾಬ್ ಟೇಲರ್ ವಿಕೆಟ್ ರಕ್ಷಕನಿಗೆ ಕ್ಯಾಚಿತ್ತನೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ದಾಂಡಿಗೆ ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥರು ತೀರ್ಪುಗಾರರಲ್ಲಿ ಕೇಳಿಕೊಂಡು ಟೇಲರನನ್ನು ಮರಳಿ ಕರೆಸಿದರು. ಟೇಲರ್ 43 ಓಟಗಳನ್ನು ಗಳಿಸಿದನು. ಇಯಾನ್ ಬೋಥಮ್ಮನೊಡನೆ ಅವನ ಜೊತೆಯಾಟ 171 ಓಟಗಳವರೆಗೆ ಬೆಳೆಯಿತು. ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ಆ ಔದಾರ್ಯದಿಂದಲೇ ಪಂದ್ಯ ಕೈಬಿಟ್ಟಿತೆಂದು ಹೇಳುವುದು ಸರಿಯಾಗಲಾರದು; ಶತಕ ಬಾರಿಸಿದ ಬೋಥಮ್ ಆ ಪಂದ್ಯದಲ್ಲಿ 13 ವಿಕೆಟ್ಟುಗಳನ್ನೂ ಕಿತ್ತಿದ್ದನು. ಆದರೆ ಹಾಗೆ ಕೈಬಿಡಬಹುದೆಂಬ ಸಂಭವ ಎದುರಿಗೆ ನಿಂತಿದ್ದಾಗಲೇ ವಿಶ್ವನಾಥರು ಕರೆದರು ಎಂಬುದು ಮುಖ್ಯ.

ಎಲ್ಲ ಸಂದರ್ಭಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. 2016ರ ಫೆಬ್ರವರಿ 2ರಂದು ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ, ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಜಿಂಬಾಬ್ವೆಗೆ ಗೆಲ್ಲಲು ಮೂರು ಓಟಗಳು ಬೇಕಾಗಿದ್ದವು. ಉಳಿದಿದ್ದುದು ಒಂದೇ ವಿಕೆಟ್. ವೆಸ್ಟ್ ಇಂಡೀಸಿನ ಬೌಲರ್ ಕೀಮೊ ಪಾಲ್ ಚೆಂಡನ್ನು ಎಸೆಯಲಿಲ್ಲ. ಓಡಿಬಂದು ತನ್ನ ಬದಿಯ ಬೇಲುಗಳನ್ನು ಉರುಳಿಸಿದನು. ಅಲ್ಲಿ ನಿಂತಿದ್ದ ದಾಂಡಿಗನು ಗೆರೆಯಿಂದ ಹೊರಗಿದ್ದುದರಿಂದ ಪಂದ್ಯ ಅಲ್ಲಿಗೇ ಮುಗಿಯಿತು. ನಿಯಮಕ್ಕೆ ಇದರಿಂದ ಭಂಗ ಬರಲಿಲ್ಲ. ಹಲವರು ಆ ಹುಡುಗನನ್ನು ನಿಂದಿಸಿದರು. ಮುಂಚಿತವಾಗಿ ಗೆರೆ ಬಿಡುವವನೂ ಲಾಭ ಕದಿಯುತ್ತಾನಲ್ಲವೆ ಎಂದು ಇನ್ನು ಕೆಲವರು ಕೇಳಿದರು. 2022ರಲ್ಲಿ ನಿಯಮ ರೂಪಿಸುವವರು ಈ ಬಗೆಯ ಔಟನ್ನು ಅನುಚಿತ ಆಟದ ಪ್ರಕರಣದಿಂದ ತೆಗೆದು ಸಾಮಾನ್ಯ ರನ್ ಔಟಿನ ಸಾಲಿಗೆ ಸೇರಿಸಿದರು. ಎರಡನೆಯ ಪಕ್ಷದವರ ಮಾತೇ ಹೆಚ್ಚು ನ್ಯಾಯವಾದುದೆಂದು ತೋರುತ್ತದೆ.

ಗೆರೆಯಾಚೆ ಒಂದು ಹೆಜ್ಜೆ ಇಡುವುದನ್ನು ಕುರಿತು ಇಷ್ಟೊಂದು ಚರ್ಚೆ ನಡೆಯುವಾಗ, ಎಳೆಯರ ಕ್ರೀಡೆಯಲ್ಲಿ ಅದಕ್ಕಿಂತ ದೊಡ್ಡದಾದ ಕಳವೊಂದು ಸದ್ದಿಲ್ಲದೆ ನಡೆಯುತ್ತದೆ. ಅದು ವಯಸ್ಸಿನ ಕಳವು. ಅದರ ಹಾನಿಯನ್ನು ತಿಳಿಯಬೇಕಾದರೆ ಬೆಳೆಯುವ ಪ್ರಾಯದಲ್ಲಿ ಕೆಲವೇ ತಿಂಗಳುಗಳ ಅಂತರವೂ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಅರಿಯಬೇಕು. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದೂ ಐಸ್ ಹಾಕಿಯೇ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಒಮ್ಮೆ ಎಳೆಯರ ಪಂದ್ಯ ನೋಡಲು ಹೋಗಿದ್ದಾಗ, ಆಟಗಾರರ ಪರಿಚಯಪತ್ರಿಕೆಯನ್ನು ಓದುತ್ತಿದ್ದ ಅವರ ಪತ್ನಿ ಒಂದು ವಿಚಿತ್ರವನ್ನು ಗುರುತಿಸಿದರು: ಬಹುಮಂದಿ ಜನವರಿ, ಫೆಬ್ರವರಿ, ಮಾರ್ಚಿಗಳಲ್ಲಿ ಹುಟ್ಟಿದವರು! ಬಾರ್ನ್‌ಸ್ಲಿ ಲೆಕ್ಕ ಹಾಕಿ ನೋಡಿ 1985ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲ್ದರ್ಜೆಯ ಎಳೆಯ ಆಟಗಾರರಲ್ಲಿ ನೂರಕ್ಕೆ ಸುಮಾರು 40 ಮಂದಿ ವರ್ಷದ ಮೊದಲ ಮೂರು ತಿಂಗಳುಗಳಲ್ಲಿ ಜನಿಸಿದವರಾಗಿದ್ದರು. ಕೊನೆಯ ಮೂರು ತಿಂಗಳಿನವರ ಸಂಖ್ಯೆ ಬಹಳ ಕಡಿಮೆಯಾಗಿತ್ತು.

ಇದಕ್ಕೆ ಗ್ರಹಗತಿ ಕಾರಣವಲ್ಲ. ಅಲ್ಲಿ ವಯೋಗುಂಪುಗಳನ್ನು ಜನವರಿ 1ರಿಂದ ಎಣಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿಗೆ ಸೇರುತ್ತಾರೆ. ಹತ್ತು ವರ್ಷದ ಪ್ರಾಯದಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರ, ತೂಕ, ಬಲಗಳಲ್ಲಿ ಎದ್ದುಕಾಣುವ ಅಂತರ. ಆಯ್ಕೆಗಾರರು ದೊಡ್ಡವನನ್ನು ಪ್ರತಿಭಾವಂತನೆಂದು ಭ್ರಮಿಸುತ್ತಾರೆ. ಆಯ್ಕೆಯಾದವನಿಗೆ ಉತ್ತಮ ಶಿಕ್ಷಕರು, ಹೆಚ್ಚು ಪಂದ್ಯಗಳು, ಹೆಚ್ಚು ಅಭ್ಯಾಸ ದೊರೆತು ಕೆಲವು ವರ್ಷಗಳಲ್ಲಿ ಆತ ನಿಜವಾಗಿಯೂ ಉತ್ತಮನಾಗುತ್ತಾನೆ. ಡಿಸೆಂಬರಿನ ಹುಡುಗ ಆಟವನ್ನೇ ಬಿಟ್ಟಿರುತ್ತಾನೆ.

ಪ್ರಾಮಾಣಿಕವಾದ ಹನ್ನೊಂದು ತಿಂಗಳುಗಳೇ ಇಷ್ಟು ವ್ಯತ್ಯಾಸವನ್ನುಂಟುಮಾಡುವಾಗ, ಸುಳ್ಳು ದಾಖಲೆಯಿಂದ ಗಳಿಸಿದ ಎರಡು ಮೂರು ವರ್ಷಗಳ ಪರಿಣಾಮವನ್ನು ಊಹಿಸಬಹುದು. ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಅನೇಕರ ಜನ್ಮದಿನ ಶಾಲೆಯ ದಾಖಲೆಗಳಲ್ಲಿ ಜೂನ್ 1 ಎಂದಿರುವುದುಂಟು. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದಾಗ ಶಾಲೆ ತೆರೆಯುವ ಕಾಲವನ್ನು ನೋಡಿ ಮುಖ್ಯೋಪಾಧ್ಯಾಯರು ಬರೆದುಕೊಂಡ ದಿನವದು. ಅದರಲ್ಲಿ ಮೋಸದ ಉದ್ದೇಶವಿರಲಿಲ್ಲ. ತಂಡದಲ್ಲಿ ಸ್ಥಾನ ದೊರಕಲೆಂದು ಬೇಕೆಂದೇ ವಯಸ್ಸನ್ನು ಇಳಿಸುವುದು ಬೇರೆಯೇ ಮಾತು. ಗುಡ್ನಾಪುರದಂತಹ ಊರಿನ ಹುಡುಗನೊಬ್ಬನು ಹದಿನೇಳು ವರ್ಷದೊಳಗಿನವರ ಕಬಡ್ಡಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಏರಬೇಕಾದರೆ ಅವನೆದುರು ನಿಲ್ಲುವವರೂ ಹದಿನೇಳರೊಳಗಿನವರೇ ಆಗಿರಬೇಕು. ಹತ್ತೊಂಬತ್ತರವನು ಎದುರು ನಿಂತರೆ ಇವನು ಸೋಲುವುದು ಆಟದಲ್ಲಿ ಅಲ್ಲ. ಆದರೆ ಅದು ಇವನಿಗೆ ತಿಳಿಯುವುದಿಲ್ಲ. ತನ್ನಲ್ಲಿ ಶಕ್ತಿಯಿಲ್ಲವೆಂದೇ ಆತ ನಂಬುತ್ತಾನೆ.

ಈ ಮಾತನ್ನು ನೇರವಾಗಿ ಆಡಿದವರಲ್ಲಿ ಬೆಂಗಳೂರಿನಲ್ಲಿ ಆಡಿ ಬೆಳೆದ ರಾಹುಲ್ ದ್ರಾವಿಡರು ಪ್ರಮುಖರು. 2015ರ ಡಿಸೆಂಬರ್ 1ರಂದು ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುವಾಗ ಅವರು ಹತ್ತೊಂಬತ್ತರೊಳಗಿನವರ ಭಾರತ ತಂಡದ ತರಬೇತುದಾರರಾಗಿದ್ದರು. ವಯಸ್ಸು ಮರೆಮಾಚಿದವನು ಮೇಲೇರುವುದು ಪ್ರತಿಭೆಯಿಂದಲ್ಲ, ದೇಹಬಲದಿಂದ. ಅವನಿಂದ ಸ್ಥಾನ ಕಳೆದುಕೊಂಡ ಪ್ರಾಮಾಣಿಕ ಹುಡುಗನು ಆಟಕ್ಕೇ ಇಲ್ಲವಾಗಬಹುದು ಎಂಬುದು ಅವರ ವಾದವಾಗಿತ್ತು. ಹೆತ್ತವರೂ ತರಬೇತುದಾರರೂ ಸುಳ್ಳು ಬರೆಯುವುದನ್ನು ಕಣ್ಣಾರೆ ಕಂಡ ಮಗು ಮುಂದೆ ಏನನ್ನು ಕಲಿತೀತು ಎಂದೂ ಅವರು ಎಚ್ಚರಿಸಿದರು.

ಕಾಗದವು ಸುಳ್ಳು ಹೇಳಿದರೂ ಮೂಳೆ ಬಹುಮಟ್ಟಿಗೆ ನಿಜ ಹೇಳುತ್ತದೆ. ಎಳೆಯರ ಮಣಿಕಟ್ಟಿನ ಮೂಳೆಗಳ ತುದಿಯಲ್ಲಿ ಮೃದುವಾದ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಯೇ. ವಯಸ್ಸು ಏರಿದಂತೆ ಆ ಪದರವು ಗಟ್ಟಿಯಾಗಿ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಎಡಗೈಯ ಕ್ಷಕಿರಣ ಚಿತ್ರವನ್ನು ತೆಗೆದು ಈ ಬೆಸುಗೆ ಎಷ್ಟು ಮುಂದುವರಿದಿದೆಯೆಂದು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಭಾರತೀಯ ಕ್ರಿಕೆಟ್ ಮಂಡಳಿಯು ಈ ಪರೀಕ್ಷೆಯನ್ನು ಬಳಸುತ್ತಿದೆ. ಇದೂ ದೋಷರಹಿತವಲ್ಲ. ಒಂದೇ ದಿನ ಹುಟ್ಟಿದ ಇಬ್ಬರ ಮೂಳೆಗಳು ಒಂದೇ ವೇಗದಲ್ಲಿ ಬಲಿಯುವುದಿಲ್ಲವಾದ್ದರಿಂದ ಬೇಗ ಬೆಳೆದ ಪ್ರಾಮಾಣಿಕ ಹುಡುಗನಿಗೆ ಅನ್ಯಾಯವಾಗುವ ಸಂಭವವುಂಟು. ಆಟಗಾರರು ತಾವಾಗಿಯೇ ನಿಜವಾದ ಜನ್ಮದಿನವನ್ನು ತಿಳಿಸುವುದು ಇದಕ್ಕಿಂತ ಉತ್ತಮ. 2020ರಲ್ಲಿ ಮಂಡಳಿಯು ಹಾಗೆ ಒಪ್ಪಿಕೊಂಡವರಿಗೆ ಕ್ಷಮೆಯನ್ನೂ, ಅಡಗಿಸಿ ಸಿಕ್ಕಿಬಿದ್ದವರಿಗೆ ಎರಡು ವರ್ಷಗಳ ನಿಷೇಧವನ್ನೂ ಪ್ರಕಟಿಸಿತು.

ದ್ರಾವಿಡರ ತಂಡ 2016ರ ಎಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸಿಗೆ ಸೋತಿತು. ನುರಿತ ಹುಡುಗರನ್ನೇ ಮುಂದಿನ ಪಂದ್ಯಾವಳಿಗೂ ಉಳಿಸಿಕೊಂಡಿದ್ದರೆ ಗೆಲುವು ಸುಲಭವಾಗುತ್ತಿತ್ತೇನೋ. ಆದರೆ ಒಬ್ಬ ಹುಡುಗನು ಒಂದೇ ಬಾರಿ ಈ ವಿಶ್ವಕಪ್ಪಿನಲ್ಲಿ ಆಡಬೇಕೆಂದು ಮಂಡಳಿಯು ಅದೇ ವರ್ಷ ನಿರ್ಧರಿಸಿತು. ಹೆಚ್ಚು ಮಂದಿಗೆ ಅವಕಾಶ ದೊರೆಯಲೆಂಬುದೇ ಅದರ ಆಶಯ. ಹೊಸ ಹುಡುಗರನ್ನು ಕಟ್ಟಿಕೊಂಡು ಹೋದ ತಂಡವು 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯಾವನ್ನು ಎಂಟು ವಿಕೆಟ್ಟುಗಳಿಂದ ಸೋಲಿಸಿ ವಿಶ್ವಕಪ್ಪನ್ನು ತಂದಿತು. ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಇತರ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ದುಡಿದವರಲ್ಲಿ ಹೆಚ್ಚುಕಡಿಮೆ ಮಾಡುವುದು ತಕ್ಕುದಲ್ಲವೆಂದು ದ್ರಾವಿಡರು ಆಕ್ಷೇಪಿಸಿದರು. ಅವರ ಮಾತಿಗೆ ಒಪ್ಪಿದ ಮಂಡಳಿಯು ಕೊನೆಗೆ ದ್ರಾವಿಡರಿಗೂ ಸಿಬ್ಬಂದಿಯ ಪ್ರತಿಯೊಬ್ಬರಿಗೂ ಸಮನಾಗಿ 25 ಲಕ್ಷ ರೂಪಾಯಿಗಳನ್ನು ಹಂಚಿತು. ನ್ಯೂಜಿಲೆಂಡಿಗೆ ಹೋಗದೆ, ಅದರ ಹಿಂದಿನ ತಿಂಗಳುಗಳಲ್ಲಿ ಹುಡುಗರನ್ನು ಸಿದ್ಧಗೊಳಿಸಲು ನೆರವಾಗಿದ್ದವರ ಹೆಸರುಗಳೂ ಆ ಪಟ್ಟಿಗೆ ಸೇರಿದವು.