ಬೆಳೆಯದ ಮಗು: ಪರೀಕ್ಷೆಗೊಂದು ಕಾಲವಿದೆ

ಮಗು ಓರಗೆಯವರಿಗಿಂತ ಗಿಡ್ಡವಾಗಿದ್ದರೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ‘ಮುಂದೆ ತಾನೇ ಬೆಳೆದೀತು’ ಎಂಬುದು ಹಿರಿಯರ ಸಮಾಧಾನ; ‘ಒಳ್ಳೆಯ ಟಾನಿಕ್ ಕುಡಿಸಿ’ ಎಂಬುದು ನೆರೆಹೊರೆಯವರ ಸಲಹೆ. ಎರಡರಲ್ಲಿಯೂ ಮಗುವಿನ ಹಿತಚಿಂತನೆಯಿದೆಯಾದರೂ ಎರಡರಿಂದಲೂ ಅಮೂಲ್ಯವಾದ ಕಾಲ ಕಳೆದುಹೋಗಬಹುದು. ಎಲುಬುಗಳ ತುದಿಯಲ್ಲಿರುವ ಬೆಳವಣಿಗೆಯ ಪದರಗಳು ಹರೆಯದ ಕೊನೆಯಲ್ಲಿ ಮುಚ್ಚಿಕೊಳ್ಳುತ್ತವೆ. ಬಳಿಕ ಯಾವ ಔಷಧಿಯೂ ಎತ್ತರವನ್ನು ಹೆಚ್ಚಿಸಲಾರದು. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಸುಮಾರು 2 ವರ್ಷ ಮೊದಲೇ ನಡೆಯುತ್ತದೆ. ಮಗಳ ಎತ್ತರದ ಚಿಂತೆಯನ್ನು ಮದುವೆಯ ಮಾತುಕತೆಯ ವೇಳೆಗೆ ಹೊತ್ತರೆ ಫಲವಿಲ್ಲ.

ಗಿಡ್ಡತನವೆಲ್ಲ ರೋಗವಲ್ಲ. ತಂದೆತಾಯಿಗಳು ಗಿಡ್ಡರಾಗಿದ್ದರೆ ಮಕ್ಕಳೂ ಹಾಗಿರುವುದು ಸಹಜ. ಕೆಲವರು ತಡವಾಗಿ ಹರೆಯಕ್ಕೆ ಬಂದು ಆಗ ಬೆಳೆಯುತ್ತಾರೆ. ಅಪೌಷ್ಟಿಕತೆ, ಥೈರಾಯ್ಡ್ ದೋಷ, ಗೋಧಿ ಒಗ್ಗದ ಸೀಲಿಯಾಕ್ ರೋಗ, ಮೂತ್ರಪಿಂಡದ ಬೇನೆ, ಹೆಣ್ಣುಮಕ್ಕಳಲ್ಲಿ ಟರ್ನರ್ ದೋಷ ಇವೂ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಸ್ರವಿಸದಿರುವುದು ಇಂತಹ ಕಾರಣಗಳಲ್ಲೊಂದು, ಅದು ವಿರಳವಾದುದು.

ಮೊದಲ ಪರೀಕ್ಷೆ ಮನೆಯ ಗೋಡೆಯ ಬಳಿಯೇ ನಡೆಯಬೇಕು. 4 ವರ್ಷ ದಾಟಿದ ಮಗು ಹರೆಯದವರೆಗೆ ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಮಗುವನ್ನು 6 ತಿಂಗಳಿಗೊಮ್ಮೆ ಬರಿಗಾಲಿನಲ್ಲಿ ನಿಲ್ಲಿಸಿ, ಅಳೆದು, ದಿನಾಂಕದೊಡನೆ ಬರೆದಿಡಿ. ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ಆ ಬರಹದೊಂದಿಗೆ ಮಕ್ಕಳ ವೈದ್ಯರನ್ನು ಕಾಣಿರಿ. ಚೆನ್ನಾಗಿ ಬೆಳೆಯುತ್ತಿದ್ದ ಮಗು ತಟ್ಟನೆ ನಿಂತು, ತಲೆನೋವು, ದೃಷ್ಟಿಮಾಂದ್ಯ ಕಾಣಿಸಿದರೆ ತಡಮಾಡಲೇಬಾರದು. ಗ್ರಂಥಿಯ ಬಳಿ ಗಡ್ಡೆಯಿರಬಹುದು.

ವೈದ್ಯರು ಎಡಗೈಯ ಎಕ್ಸರೇ ತೆಗೆಸಿ ಎಲುಬಿನ ವಯಸ್ಸನ್ನು ತಿಳಿಯುತ್ತಾರೆ. ಥೈರಾಯ್ಡ್ ಮುಂತಾದ ಕಾರಣಗಳನ್ನು ರಕ್ತಪರೀಕ್ಷೆಯಿಂದ ನೋಡುತ್ತಾರೆ. ಬೆಳವಣಿಗೆಯ ಹಾರ್ಮೋನಿನ ವಿಷಯ ಮಾತ್ರ ಬೇರೆ. ಅದು ದಿನವಿಡೀ ಒಂದೇ ಸಮನೆ ಸ್ರವಿಸದೆ, ಅಲೆಅಲೆಯಾಗಿ, ಹೆಚ್ಚಾಗಿ ರಾತ್ರಿಯ ಗಾಢನಿದ್ರೆಯಲ್ಲಿ ಹೊರಬರುತ್ತದೆ. ಹಗಲಿನಲ್ಲಿ ಆರೋಗ್ಯವಂತ ಮಗುವಿನ ರಕ್ತದಲ್ಲಿಯೂ ಅದು ತೀರ ಕಡಿಮೆಯಿರಬಹುದು. ಆದ್ದರಿಂದ ಯಾವುದೋ ಹೊತ್ತಿನಲ್ಲಿ ಒಮ್ಮೆ ರಕ್ತ ಕೊಟ್ಟು ಬಂದ ವರದಿಯನ್ನು ನಂಬಿ ಹೆದರಲೂ ಬಾರದು, ನಿಶ್ಚಿಂತರಾಗಲೂ ಬಾರದು.

ಇದಕ್ಕಾಗಿಯೇ ಉತ್ತೇಜನ ಪರೀಕ್ಷೆ ಇದೆ. ರಾತ್ರಿಯಿಡೀ ಉಪವಾಸವಿದ್ದ ಮಗುವಿಗೆ ಬೆಳಿಗ್ಗೆ ಕ್ಲೋನಿಡೀನ್, ಗ್ಲುಕಗಾನ್ ಅಥವಾ ಇನ್ಸುಲಿನ್ ಕೊಟ್ಟು ಗ್ರಂಥಿಯನ್ನು ಪ್ರಚೋದಿಸಿ, ಸುಮಾರು ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಕೆಲವು ಗಂಟೆಗಳು ಬೇಕು. ಕ್ಲೋನಿಡೀನಿನಿಂದ ಮಂಪರು ಕವಿದು ರಕ್ತದೊತ್ತಡ ಇಳಿಯಬಹುದು. ಇನ್ಸುಲಿನ್ನಿನಿಂದ ಸಕ್ಕರೆಯ ಅಂಶ ಕುಸಿಯುತ್ತದೆ. ಆದಕಾರಣ ಅನುಭವವುಳ್ಳ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಹಾರ್ಮೋನಿನ ಗರಿಷ್ಠ ಮಟ್ಟ ಒಂದು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಮುಟ್ಟದಿದ್ದರೆ ಕೊರತೆಯೆಂದು ಬಹುಕಾಲ ಎಣಿಸಲಾಗುತ್ತಿತ್ತು. ಈಗ ಹಲವರು 7ನ್ನು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಆರೋಗ್ಯವಂತ ಮಕ್ಕಳೂ ಒಮ್ಮೊಮ್ಮೆ ಈ ಪರೀಕ್ಷೆಯಲ್ಲಿ ಸೋಲುವುದರಿಂದ, ಸಾಮಾನ್ಯವಾಗಿ ಎರಡು ಬೇರೆ ಔಷಧಿಗಳಿಂದ ಪರೀಕ್ಷಿಸುತ್ತಾರೆ. ಕೊರತೆ ಖಚಿತವಾದರೆ ಗ್ರಂಥಿಯ ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಚಿಕಿತ್ಸೆ ದುಬಾರಿಯಾದುದು. ಸಾಮಾನ್ಯವಾಗಿ ವರ್ಷಗಟ್ಟಲೆ ಪ್ರತಿರಾತ್ರಿ ಚುಚ್ಚುಮದ್ದು ಕೊಡಬೇಕು. ಹಿಂದೆ ಮೃತದೇಹಗಳ ಗ್ರಂಥಿಯಿಂದ ಈ ಹಾರ್ಮೋನನ್ನು ತೆಗೆಯುತ್ತಿದ್ದರು. ಅದನ್ನು ಪಡೆದ ಕೆಲವರು ಮೆದುಳಿನ ಮಾರಕ ರೋಗದಿಂದ ತೀರಿಕೊಂಡದ್ದು ತಿಳಿದು, 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಲಾಯಿತು. ಅದೇ ವರ್ಷ ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಅನುಮತಿ ದೊರೆಯಿತು. ಇಂದು ಬಳಕೆಯಲ್ಲಿರುವುದು ಹೀಗೆ ತಯಾರಾದುದೇ. ಆ ಹಳೆಯ ಭಯ ಈಗ ಬೇಕಿಲ್ಲ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮಗುವನ್ನು ‘ಕುಳ್ಳ’, ‘ಕುಳ್ಳಿ’ ಎಂದು ಕರೆದು ನೋಯಿಸದಿರಿ. ಗಂಡಾಗಲಿ ಹೆಣ್ಣಾಗಲಿ, ಈ ತಿಂಗಳೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದು ಗುರುತು ಹಾಕಿರಿ. 6 ತಿಂಗಳ ನಂತರ ಮತ್ತೆ ಅಳೆಯಿರಿ.